ಸೊರಬದ ಫೋಟೋದೊಳಗೆ ಕೂತ ಬೆಂಗಳೂರಿನ ಇಂಜಿನಿಯರ್

ಈ ಸಲ ಸೆಮಿಸ್ಟರ್ ರಜೆಯಲ್ಲಿ ನಾವು ಮೂವರೂ ಊರಲ್ಲೇ ಇದ್ದೆವು. ಇಬ್ಬರದು ಸೊರಬದ ಕಡೆ, ಒಬ್ಬನದು ಶಿಕಾರಿಪುರ. ಮಳೆ ಇನ್ನೂ ಬಿಟ್ಟಿರಲಿಲ್ಲ. ಸೊರಬದ ತೋಟದಲ್ಲಿ ನಾಲ್ಕೈದು ಅಡಿಕೆ ಮರದ ಸೋಗೆ ಮೇಲೆ ಕಂದು ಚುಕ್ಕಿ ಕಾಣಿಸಿಕೊಂಡಿತ್ತು. ಮಲೆನಾಡಿನಲ್ಲಿ ಈಗ ‘ಎಲೆಚುಕ್ಕಿ’ ಅನ್ನೋ ಶಬ್ದ ಕಿವಿಗೆ ಬಿದ್ದರೆ ಸಾಕು, ಮನೆಯವರಿಗೆ ಊಟ ಸೇರುವುದಿಲ್ಲ. ವರ್ಷದ ಆದಾಯವೆಲ್ಲ ಆ ತೋಟದಲ್ಲೇ ನಿಂತಿರುತ್ತೆ, ನಮ್ಮ ಕಾಲೇಜು ಫೀಸೂ ಸೇರಿ.

ಅಪ್ಪ ಕೆಳಗೆ ನಿಂತು ತೋರಿಸಿದರು, ನಾವು ಫೋನ್ ಎತ್ತಿ ಝೂಮ್ ಮಾಡಿ ಫೋಟೋ ತೆಗೆದು, ತೋಟಗಾರಿಕೆ ಓದಿರುವ ಊರಿನ ಅಣ್ಣನಿಗೆ ವಾಟ್ಸಾಪ್ ಮಾಡಿದೆವು. ಹತ್ತು ನಿಮಿಷಕ್ಕೆ ಅವನ ಫೋನ್ ಬಂತು.

“ಎಂತ ಫೋಟೋ ಕಳ್ಸಿದ್ಯಾ ಮಾರಾಯ? ದೊಡ್ಡದು ಮಾಡಿ ನೋಡಿದ್ರೆ ಬರೀ ಚೌಕ ಚೌಕ ಕಾಣ್ತದೆ. ಚುಕ್ಕಿ ಸುತ್ತ ಹಳದಿ ಉಂಗುರ ಇದ್ಯಾ ಇಲ್ವಾ, ಅದೇ ಗೊತ್ತಾಗ್ತಿಲ್ಲ.”

ನಮ್ಮ ಫೋನಿನಲ್ಲಿ ಹಳದಿ ಉಂಗುರ ಚೆನ್ನಾಗೇ ಕಾಣುತ್ತಿತ್ತು. ಅವನ ಫೋನಿಗೆ ಹೋಗುವಷ್ಟರಲ್ಲಿ ಅದು ಎಲ್ಲಿ ಹೋಯಿತು? ಆ ಚೌಕಗಳು ಎಲ್ಲಿಂದ ಬಂದವು? ಉತ್ತರ ಹುಡುಕುತ್ತಾ ಹೋದ ನಮಗೆ ಸಿಕ್ಕಿದ್ದು ಒಂದು ನಾಲ್ಕು ಪುಟದ ಪ್ರಬಂಧ, ಮತ್ತು ಅದನ್ನು ಬರೆದವರಲ್ಲಿ ಮೊದಲ ಹೆಸರು: ನಾಸಿರ್ ಅಹ್ಮದ್. ಬೆಂಗಳೂರಿನವರು. ಕೆ.ಆರ್. ಸರ್ಕಲ್ ಹತ್ತಿರದ ಯುವಿಸಿಇಯಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿದವರು. ನಾವು ಡಿಎಸ್‌ಪಿ ಪೇಪರ್ ಬರೆದು ಪಾಸೂ ಆಗಿದ್ದೇವೆ. ಆದರೂ ಈ ಹೆಸರು ಗೊತ್ತಿರಲಿಲ್ಲ ಅಂತ ಒಪ್ಪಿಕೊಂಡುಬಿಡುತ್ತೇವೆ. ನಿಮಗೂ ಗೊತ್ತಿಲ್ಲದಿದ್ದರೆ ಈ ಲೇಖನ ನಿಮಗೇ.

ಮೊದಲು ಕಷ್ಟ ಏನು ಅಂತ ನೋಡೋಣ

ಫೋನಿನ ಫೋಟೋ 4000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರ ಇದೆ ಎಂದುಕೊಳ್ಳಿ. ಒಟ್ಟು 1.2 ಕೋಟಿ ಪಿಕ್ಸೆಲ್. ಒಂದೊಂದಕ್ಕೂ ಕೆಂಪು, ಹಸಿರು, ನೀಲಿ ಅಂತ ಮೂರು ಬೈಟ್. ಅಲ್ಲಿಗೆ 3.6 ಕೋಟಿ ಬೈಟ್, ಅಂದರೆ 36 ಎಂಬಿ. ಒಂದೇ ಫೋಟೋಗೆ!

ನಮ್ಮೂರಿನ ನೆಟ್‌ವರ್ಕ್ ನಿಮಗೆ ಗೊತ್ತೇ ಇದೆ. ತೋಟದ ಆ ಮೂಲೆಯಲ್ಲಿ ಸೆಕೆಂಡಿಗೆ 100 ಕಿಲೋಬಿಟ್ ಸಿಕ್ಕರೆ ಪುಣ್ಯ. ಆ ವೇಗದಲ್ಲಿ 36 ಎಂಬಿ ಕಳಿಸಲು ಬೇಕಾಗುವ ಸಮಯ 2880 ಸೆಕೆಂಡ್, ಅಂದರೆ 48 ನಿಮಿಷ. ಅದೇ ಫೋಟೋವನ್ನು 200 ಕೆಬಿಗೆ ಇಳಿಸಿದರೆ 16 ಸೆಕೆಂಡ್ ಸಾಕು.

48 ನಿಮಿಷವನ್ನು 16 ಸೆಕೆಂಡ್ ಮಾಡುವುದು ಹೇಗೆ? ಪಿಕ್ಸೆಲ್‌ಗಳನ್ನು ಸುಮ್ಮನೆ ಕಿತ್ತುಹಾಕಿದರೆ ಚಿತ್ರ ಹಾಳಾಗುತ್ತೆ. ಕಣ್ಣಿಗೆ ಬೇಕಾದ್ದನ್ನು ಉಳಿಸಿಕೊಂಡು, ಬೇಡದ್ದನ್ನು ಮಾತ್ರ ಬಿಡಬೇಕು. ಆದರೆ ಪಿಕ್ಸೆಲ್‌ಗಳ ಪಟ್ಟಿಯಲ್ಲಿ ‘ಬೇಕಾದ್ದು’ ‘ಬೇಡದ್ದು’ ಅಂತ ಬೇರೆ ಬೇರೆ ಇರುವುದಿಲ್ಲ. ಎಲ್ಲ ಕಲಸಿಹೋಗಿರುತ್ತೆ. ಭತ್ತ ಮತ್ತು ಹೊಟ್ಟು ಕಲಸಿದ ಹಾಗೆ. ಮೊದಲು ತೂರಬೇಕು. ಆ ತೂರುವ ಕೆಲಸ ಮಾಡುವ ಗಣಿತಕ್ಕೆ ಹೆಸರು ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್. ಚಿಕ್ಕದಾಗಿ ಡಿಸಿಟಿ.

ಎಂಟು ಸಂಖ್ಯೆ, ಒಂದು ಕ್ಯಾಲ್ಕುಲೇಟರ್

ಸೂತ್ರ ಬರೆದು ಹೆದರಿಸುವ ಬದಲು ಒಂದು ಲೆಕ್ಕ ಮಾಡಿ ತೋರಿಸುತ್ತೇವೆ. ನೀವೂ ಕ್ಯಾಲ್ಕುಲೇಟರ್ ತಗೊಂಡು ಜೊತೆಗೆ ಮಾಡಿ.

ಸೋಗೆಯ ಫೋಟೋದಲ್ಲಿ ಒಂದೇ ಸಾಲಿನ ಎಂಟು ಪಿಕ್ಸೆಲ್ ತೆಗೆದುಕೊಳ್ಳೋಣ. ನೆರಳಿನಿಂದ ಬಿಸಿಲಿನ ಕಡೆಗೆ ಹೋಗುವ ಜಾಗ. ಅವುಗಳ ಬೆಳಕಿನ ಮಟ್ಟ ಹೀಗಿದೆ ಎಂದುಕೊಳ್ಳಿ:

90, 95, 101, 105, 113, 121, 125, 130

ಎಂಟೂ ಸಂಖ್ಯೆ ದೊಡ್ಡವೇ. ಯಾವುದನ್ನೂ ಬಿಡುವ ಹಾಗಿಲ್ಲ. ಈಗ ಡಿಸಿಟಿ ಮಾಡೋಣ.

ಮೊದಲನೇ ಸಂಖ್ಯೆ ಸುಲಭ. ಎಂಟನ್ನೂ ಕೂಡಿಸಿ, 8ರ ವರ್ಗಮೂಲದಿಂದ ಭಾಗಿಸಿ: 880 ÷ 2.828 = 311.1. ಇದು ಆ ತುಂಡಿನ ಒಟ್ಟಾರೆ ಬೆಳಕು.

ಎರಡನೇದಕ್ಕೆ, ಎಂಟು ಪಿಕ್ಸೆಲ್‌ಗಳನ್ನು ಕ್ರಮವಾಗಿ 11.25°, 33.75°, 56.25° ಹೀಗೆ 22.5° ಹೆಚ್ಚಿಸುತ್ತಾ 168.75°ವರೆಗಿನ ಕೊಸೈನ್‌ಗಳಿಂದ ಗುಣಿಸಿ, ಎಲ್ಲ ಕೂಡಿಸಿ, ಅರ್ಧ ಮಾಡಿ. ಬರುವುದು −38.4. ಮೂರನೇದಕ್ಕೆ ಅದೇ ಕೋನಗಳ ಎರಡರಷ್ಟು, ನಾಲ್ಕನೇದಕ್ಕೆ ಮೂರರಷ್ಟು, ಹೀಗೆ ಮುಂದಕ್ಕೆ. ಎಲ್ಲ ಮುಗಿದ ಮೇಲೆ ಪಟ್ಟಿ ಹೀಗಿರುತ್ತೆ:

311.1, −38.4, 0.5, −1.7, −1.4, −1.7, 1.3, 0.0

ನೋಡಿದಿರಾ? ತೂರಿದ ಹಾಗಾಯಿತು. ಭತ್ತವೆಲ್ಲ ಎಡಕ್ಕೆ ಬಿತ್ತು, ಹೊಟ್ಟು ಬಲಕ್ಕೆ ಹಾರಿತು. ಮೊದಲೆರಡು ಸಂಖ್ಯೆ ಬಿಟ್ಟರೆ ಉಳಿದದ್ದೆಲ್ಲ ಚಿಲ್ಲರೆ. ಈಗ ಧೈರ್ಯ ಮಾಡಿ ಆ ಆರು ಚಿಲ್ಲರೆಯನ್ನೂ ಸೊನ್ನೆ ಮಾಡಿಬಿಡೋಣ. ಉಳಿದ ಎರಡೇ ಸಂಖ್ಯೆಯಿಂದ ಹಿಂದಕ್ಕೆ ಲೆಕ್ಕ ಮಾಡಿದರೆ ಸಿಗುವ ಪಿಕ್ಸೆಲ್‌ಗಳು:

91, 94, 99, 106, 114, 121, 126, 129

ಮೊದಲ ಪಟ್ಟಿಯ ಜೊತೆ ಹೋಲಿಸಿ. ಎಲ್ಲಿಯೂ 2ಕ್ಕಿಂತ ಹೆಚ್ಚು ವ್ಯತ್ಯಾಸ ಇಲ್ಲ. 0ಯಿಂದ 255ರವರೆಗಿನ ಅಳತೆಯಲ್ಲಿ 2 ಅಂದರೆ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಎಂಟು ಸಂಖ್ಯೆ ಕಳಿಸುವ ಜಾಗದಲ್ಲಿ ಎರಡು ಕಳಿಸಿದೆವು.

ಇದರ ಅರ್ಥ ಇಷ್ಟೇ: ಪ್ರಕೃತಿಯಲ್ಲಿ ಪಕ್ಕಪಕ್ಕದ ಪಿಕ್ಸೆಲ್‌ಗಳು ಅಕ್ಕಪಕ್ಕದ ಮನೆಯವರ ಹಾಗೆ, ಹೆಚ್ಚು ಕಡಿಮೆ ಒಂದೇ ತರಹ ಇರುತ್ತವೆ. ಆಕಾಶ, ಗದ್ದೆ, ಗೋಡೆ, ಮುಖ, ಎಲ್ಲದರಲ್ಲೂ ಬಣ್ಣ ನಿಧಾನವಾಗಿ ಬದಲಾಗುತ್ತೆ. ಪಿಕ್ಸೆಲ್ ಲೆಕ್ಕದಲ್ಲಿ ಆ ಮಾಹಿತಿ ಎಂಟು ಕಡೆ ಚದುರಿರುತ್ತೆ. ಕೊಸೈನ್ ಲೆಕ್ಕದಲ್ಲಿ ಅದು ಒಂದೆರಡು ಕಡೆ ಒಟ್ಟುಗೂಡುತ್ತೆ.

ಕೊಸೈನೇ ಯಾಕೆ? ಫೋರಿಯರ್ ಸಾಲದೇ?

ಥರ್ಡ್ ಸೆಮ್‌ನಿಂದ ಫೋರಿಯರ್ ಮಾಡಿಕೊಂಡು ಬಂದವರಿಗೆ ಈ ಪ್ರಶ್ನೆ ಬರಲೇಬೇಕು. ಸಾಮಾನ್ಯ ಡಿಎಫ್‌ಟಿ ಒಂದು ವಿಷಯ ಸುಮ್ಮನೆ ಒಪ್ಪಿಕೊಂಡುಬಿಡುತ್ತೆ: ಈ ಎಂಟು ಸಂಖ್ಯೆಗಳು ಮುಗಿದ ಕೂಡಲೇ ಮತ್ತೆ ಮೊದಲಿಂದ ಶುರುವಾಗುತ್ತವೆ ಅಂತ. ನಮ್ಮ ಪಟ್ಟಿಯಲ್ಲಿ ಅಂದರೆ 130 ಆದ ತಕ್ಷಣ ಧೊಪ್ಪನೆ 90ಕ್ಕೆ ಬಿದ್ದ ಹಾಗೆ. ಫೋಟೋದಲ್ಲಿ ಆ ಬೀಳು ಇಲ್ಲವೇ ಇಲ್ಲ. ಆದರೆ ಲೆಕ್ಕಕ್ಕೆ ಅದು ಇದೆ ಅನ್ನಿಸುತ್ತೆ, ಅದನ್ನು ವಿವರಿಸಲು ಹೈ ಫ್ರೀಕ್ವೆನ್ಸಿಗಳು ಬೇಕಾಗುತ್ತವೆ. ಚಿಲ್ಲರೆ ಹೆಚ್ಚಾಗುತ್ತೆ.

ಡಿಸಿಟಿ ಹಾಗೆ ಮಾಡುವುದಿಲ್ಲ. ಕೆರೆ ದಂಡೆಯ ಮರವನ್ನು ನೆನಪಿಸಿಕೊಳ್ಳಿ. ಮೇಲೆ ಮರ, ನೀರಲ್ಲಿ ಅದರ ಬಿಂಬ. ಎರಡೂ ಸೇರುವ ಜಾಗದಲ್ಲಿ ಕಡಿದ ಹಾಗೆ ಕಾಣುವುದಿಲ್ಲ, ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಡಿಸಿಟಿ ಎಂಟು ಸಂಖ್ಯೆಯ ಪಕ್ಕ ಅದರ ಬಿಂಬವನ್ನು ಇಡುತ್ತೆ: 125, 130, ಆಮೇಲೆ 130, 125 ಹೀಗೆ. ಧುಮುಕು ಇಲ್ಲ, ಅದಕ್ಕಾಗಿ ಚಿಲ್ಲರೆಯೂ ಬೇಕಿಲ್ಲ. ಬಿಂಬ ಇಟ್ಟಾಗ ಸೈನ್ ಪದಗಳು ತಾವಾಗಿಯೇ ಹೊರಟುಹೋಗಿ ಕೊಸೈನ್ ಮಾತ್ರ ಉಳಿಯುತ್ತವೆ. ಕಾಂಪ್ಲೆಕ್ಸ್ ಸಂಖ್ಯೆಗಳ ತಲೆನೋವೂ ಇಲ್ಲ.

ಇಂಥ ಒಟ್ಟುಗೂಡಿಸುವ ಕೆಲಸಕ್ಕೆ ಗಣಿತದ ಪ್ರಕಾರ ಎಲ್ಲಕ್ಕಿಂತ ಒಳ್ಳೆಯದು ಕಾರ್ಹುನೆನ್-ಲೋವೆ ಟ್ರಾನ್ಸ್‌ಫಾರ್ಮ್ ಅಂತ ಆಗಲೇ ಗೊತ್ತಿತ್ತು. ತೊಂದರೆ ಏನೆಂದರೆ ಅದು ಸಿಗ್ನಲ್ ಬದಲಾದ ಹಾಗೆ ಬದಲಾಗುತ್ತೆ. ಒಂದೊಂದು ಬಗೆಯ ಚಿತ್ರಕ್ಕೂ ಬೇರೆ ಲೆಕ್ಕ. ಡಿಸಿಟಿ ಎಲ್ಲದಕ್ಕೂ ಒಂದೇ, ಆದರೂ ಫಲಿತಾಂಶ ಅದರ ಹತ್ತಿರ ಹತ್ತಿರ ಬರುತ್ತೆ. ಅದನ್ನು ತೋರಿಸಿಕೊಟ್ಟದ್ದೇ ಆ ನಾಲ್ಕು ಪುಟದ ಪ್ರಬಂಧದ ಸಾಧನೆ.

‘ತೀರಾ ಸರಳ’ ಅನ್ನಿಸಿಕೊಂಡ ಐಡಿಯಾ

ನಾಸಿರ್ ಅಹ್ಮದ್ ಹುಟ್ಟಿದ್ದು 1940ರಲ್ಲಿ, ಬೆಂಗಳೂರಿನಲ್ಲಿ. ಬಿಇ ಮುಗಿಸಿದ್ದು 1961ರಲ್ಲಿ. ಯುವಿಸಿಇಯನ್ನು ಸರ್ ಎಂ. ವಿಶ್ವೇಶ್ವರಯ್ಯನವರು ಶುರು ಮಾಡಿಸಿದ್ದು 1917ರಲ್ಲಿ. ಅಹ್ಮದ್ ಓದುವಾಗ ಅದು ಮೈಸೂರು ವಿಶ್ವವಿದ್ಯಾಲಯದ ಅಡಿಯಲ್ಲಿತ್ತು. ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿದ್ದು ಆಮೇಲೆ, 1964ರಲ್ಲಿ. ಕುವೆಂಪು ವಿಶ್ವವಿದ್ಯಾಲಯ ಬಂದದ್ದಂತೂ 1987ರಲ್ಲಿ. ಹಾಗಾಗಿ ಆ ಕಾಲಕ್ಕೆ ಸೊರಬ-ಶಿಕಾರಿಪುರದ ಹುಡುಗರಿಗೂ ಬೆಂಗಳೂರಿನ ಹುಡುಗರಿಗೂ ಡಿಗ್ರಿ ಅಂದರೆ ಅದೇ ಮೈಸೂರು ವಿಶ್ವವಿದ್ಯಾಲಯದ್ದು. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದೇ 1964ರಲ್ಲಿ. ಎಲೆಕ್ಟ್ರಿಕಲ್ ಇಂಜಿನಿಯರ್ ಅಂದರೆ ಕರೆಂಟ್ ತಯಾರಿಸುವವನು, ಲೈನ್ ಎಳೆಸುವವನು ಅಂತ ಜನ ತಿಳಿದಿದ್ದ ಕಾಲ ಅದು.

ಅಹ್ಮದ್ ಅಲ್ಲಿಂದ ಅಮೆರಿಕಕ್ಕೆ ಹೋಗಿ, ಯೂನಿವರ್ಸಿಟಿ ಆಫ್ ನ್ಯೂ ಮೆಕ್ಸಿಕೋದಲ್ಲಿ 1963ರಲ್ಲಿ ಎಂಎಸ್, 1966ರಲ್ಲಿ ಪಿಎಚ್‌ಡಿ ಮುಗಿಸಿದರು. ಎರಡು ವರ್ಷ ಹನಿವೆಲ್ ಕಂಪನಿಯಲ್ಲಿ ಕೆಲಸ ಮಾಡಿ, 1968ರಲ್ಲಿ ಕಾನ್ಸಸ್ ಸ್ಟೇಟ್ ಯೂನಿವರ್ಸಿಟಿಗೆ ಮೇಷ್ಟ್ರಾಗಿ ಬಂದರು. ಗಮನಿಸಿ, ಇವೆಲ್ಲ ಸರ್ಕಾರಿ ವಿಶ್ವವಿದ್ಯಾಲಯಗಳೇ. ದೊಡ್ಡ ಹೆಸರಿನ ಎಂಐಟಿ, ಸ್ಟ್ಯಾನ್‌ಫರ್ಡ್ ಯಾವುದೂ ಈ ಕಥೆಯಲ್ಲಿ ಬರುವುದಿಲ್ಲ.

ಚೆಬಿಷೆವ್ ಪಾಲಿನಾಮಿಯಲ್‌ಗಳ ಮೇಲೆ ಕಣ್ಣಾಡಿಸುತ್ತಿದ್ದಾಗ ಅವರಿಗೆ ಈ ಐಡಿಯಾ ಹೊಳೆಯಿತು. ಚೆಬಿಷೆವ್ ಹೆಸರು ನಮಗೂ ಪರಿಚಯವೇ, ಫಿಲ್ಟರ್ ಡಿಸೈನ್‌ನಲ್ಲಿ ನಮ್ಮನ್ನು ಗೋಳು ಹೊಯ್ದುಕೊಳ್ಳುವ ಅದೇ ಚೆಬಿಷೆವ್. ಆ ಪಾಲಿನಾಮಿಯಲ್‌ಗಳು ಒಳಗಿಂದ ಕೊಸೈನ್‌ಗಳೇ. ಹಾಗಾದರೆ ಕೊಸೈನ್ ಮೇಲೆಯೇ ಒಂದು ಟ್ರಾನ್ಸ್‌ಫಾರ್ಮ್ ಕಟ್ಟಿದರೆ ಹೇಗೆ ಅಂತ ಯೋಚಿಸಿ, 1972ರಲ್ಲಿ ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್‌ಗೆ ಸಂಶೋಧನೆಯ ಹಣಕ್ಕಾಗಿ ಪ್ರಸ್ತಾವ ಕಳಿಸಿದರು. ಹಣ ಸಿಗಲಿಲ್ಲ. ಐಡಿಯಾ ತೀರಾ ಸರಳವಾಯಿತು ಅನ್ನುವುದು ಪರಿಶೀಲಿಸಿದವರ ಅಭಿಪ್ರಾಯವಾಗಿತ್ತು. ಇದನ್ನು ಅಹ್ಮದ್ ಅವರೇ ಮುಂದೆ 1991ರಲ್ಲಿ ಬರೆದಿದ್ದಾರೆ.

ಇಲ್ಲಿ ನಾವು ಸ್ವಲ್ಪ ಹೊತ್ತು ನಿಂತುಬಿಟ್ಟೆವು. ನಮ್ಮಲ್ಲಿ ಎಷ್ಟು ಜನ ಫೈನಲ್ ಇಯರ್ ಪ್ರಾಜೆಕ್ಟ್ ಸಿನಾಪ್ಸಿಸ್ ಹಿಡಿದುಕೊಂಡು ಹೋಗಿ ‘ಇದರಲ್ಲಿ ಏನಿದೆ ಅಂತ?’ ಅನ್ನಿಸಿಕೊಂಡು, ಆಮೇಲೆ ಮೆಷಿನ್ ಲರ್ನಿಂಗ್ ಅನ್ನೋ ಎರಡು ಪದ ಸೇರಿಸಿ ಪಾಸ್ ಮಾಡಿಸಿಕೊಂಡಿಲ್ಲ? ಅಹ್ಮದ್ ಪದ ಸೇರಿಸಲಿಲ್ಲ, ಬಿಡಲೂ ಇಲ್ಲ. ಅಮೆರಿಕದ ಮೇಷ್ಟ್ರುಗಳಿಗೆ ಸಾಮಾನ್ಯವಾಗಿ ಒಂಬತ್ತು ತಿಂಗಳಿಗೆ ಮಾತ್ರ ಸಂಬಳ. ಬೇಸಿಗೆಯದ್ದು ಸಂಶೋಧನೆಯ ಹಣದಿಂದ ಬರಬೇಕು. ಪ್ರಸ್ತಾವ ಬಿದ್ದುಹೋದ್ದರಿಂದ ಅದೂ ಇಲ್ಲ. ಹೆಂಡತಿ ಎಸ್ತರ್ ಜೊತೆ ಮಾತಾಡಿ, 1973ರ ಬೇಸಿಗೆಯಲ್ಲಿ ಸಂಬಳವಿಲ್ಲದೆಯೇ ಅದರ ಮೇಲೆ ಕೂತರು. ಜೊತೆಗೆ ಅವರ ಪಿಎಚ್‌ಡಿ ವಿದ್ಯಾರ್ಥಿ ಟಿ. ನಟರಾಜನ್, ಮತ್ತು ಟೆಕ್ಸಾಸ್ ವಿಶ್ವವಿದ್ಯಾಲಯದ ಆರ್ಲಿಂಗ್ಟನ್ ಕ್ಯಾಂಪಸ್‌ನಲ್ಲಿದ್ದ ಗೆಳೆಯ ಕೆ.ಆರ್. ರಾವ್. 1974ರ ಜನವರಿಯಲ್ಲಿ ಐಟ್ರಿಪಲ್‌ಇಯ ಕಂಪ್ಯೂಟರ್ ಪತ್ರಿಕೆಯಲ್ಲಿ ಪ್ರಬಂಧ ಬಂತು. ಹೆಸರು ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’, ಅಷ್ಟೇ. 90ನೇ ಪುಟದಿಂದ 93ನೇ ಪುಟದವರೆಗೆ.

ತೀರಾ ಸರಳ ಅಂದಿದ್ದರಲ್ಲ, ಅದು ಸುಳ್ಳೇನೂ ಅಲ್ಲ. ಮೇಲೆ ನೋಡಿದಿರಿ, ನಾವೇ ಕ್ಯಾಲ್ಕುಲೇಟರ್‌ನಲ್ಲಿ ಮಾಡಿ ಮುಗಿಸಿದೆವು. ಆದರೆ ಸರಳವಾಗಿದ್ದರಿಂದಲೇ ಅದು ಅಗ್ಗದ ಚಿಪ್‌ನೊಳಗೆ ಹಿಡಿಯಿತು. ಸರಳವಾಗಿದ್ದರಿಂದಲೇ ಇವತ್ತು ತೋಟದಲ್ಲಿ ಹಿಡಿದ ಫೋನ್ ಕಣ್ಣು ಮಿಟುಕಿಸುವುದರೊಳಗೆ ಅದನ್ನು ಲಕ್ಷಗಟ್ಟಲೆ ಸಲ ಮಾಡುತ್ತೆ.

ಹಳದಿ ಉಂಗುರ ಎಲ್ಲಿ ಹೋಯಿತು?

ಈಗ ನಮ್ಮ ಸೋಗೆಗೆ ವಾಪಸ್ ಬರೋಣ. 1992ರಲ್ಲಿ ಬಂದ ಜೆಪೆಗ್ ಸ್ಟ್ಯಾಂಡರ್ಡ್ ಡಿಸಿಟಿಯನ್ನೇ ನಂಬಿಕೊಂಡಿದೆ. ಅದು ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸುತ್ತೆ. ಒಂದೊಂದು ಚೌಕದಲ್ಲೂ ಮೊದಲು ಅಡ್ಡಸಾಲುಗಳಿಗೆ, ಆಮೇಲೆ ಕಂಬಸಾಲುಗಳಿಗೆ ಡಿಸಿಟಿ. 64 ಪಿಕ್ಸೆಲ್ ಹೋಗಿ 64 ತೂಕಗಳು ಬರುತ್ತವೆ.

ಇಲ್ಲಿಯವರೆಗೆ ಏನೂ ಕಳೆದುಹೋಗಿಲ್ಲ. ಕಳೆಯುವುದು ಮುಂದಿನ ಹೆಜ್ಜೆಯಲ್ಲಿ. ಪ್ರತಿ ತೂಕವನ್ನೂ ಒಂದು ಕೋಷ್ಟಕದ ಸಂಖ್ಯೆಯಿಂದ ಭಾಗಿಸಿ, ಹತ್ತಿರದ ಪೂರ್ಣಾಂಕಕ್ಕೆ ಇಳಿಸುತ್ತಾರೆ. ಇದೇ ಕ್ವಾಂಟೈಸೇಶನ್. ಸ್ಟ್ಯಾಂಡರ್ಡ್‌ನಲ್ಲಿ ಕೊಟ್ಟಿರುವ ಮಾದರಿ ಕೋಷ್ಟಕದಲ್ಲಿ ಒಂದು ಮೂಲೆಯ ಸಂಖ್ಯೆ 16, ಎದುರು ಮೂಲೆಯದು 99. ಅಂದರೆ ನಿಧಾನ ಬದಲಾವಣೆಗೆ ಸಣ್ಣ ಜರಡಿ, ಚುರುಕು ಬದಲಾವಣೆಗೆ ದೊಡ್ಡ ಜರಡಿ. 1.7 ಅನ್ನು 99ರಿಂದ ಭಾಗಿಸಿ ಪೂರ್ಣಾಂಕ ಮಾಡಿದರೆ ಸೊನ್ನೆ. ಹೀಗೆ ಸೊನ್ನೆಗಳ ಸಾಲೇ ಸಾಲು ಬರುತ್ತೆ. ‘ಇನ್ನು ಎಲ್ಲ ಸೊನ್ನೆ’ ಅಂತ ಒಂದೇ ಗುರುತು ಹಾಕಿ ಮುಗಿಸಿಬಿಡಬಹುದು. ಉಳಿದದ್ದನ್ನು ಹಫ್‌ಮನ್ ಕೋಡ್ ನೋಡಿಕೊಳ್ಳುತ್ತೆ. ಫೈಲ್ ಇನ್ನೂ ಚಿಕ್ಕದು ಬೇಕೇ? ಕೋಷ್ಟಕದ ಸಂಖ್ಯೆಗಳನ್ನು ದೊಡ್ಡದು ಮಾಡಿದರಾಯಿತು.

ಬಣ್ಣದ ವಿಷಯದಲ್ಲಿ ಇನ್ನೂ ಒಂದು ಜಾಣತನ ಇದೆ. ನಮ್ಮ ಕಣ್ಣು ಬೆಳಕಿನ ಏರಿಳಿತವನ್ನು ಗುರುತಿಸಿದಷ್ಟು ಚೆನ್ನಾಗಿ ಬಣ್ಣದ ಏರಿಳಿತವನ್ನು ಗುರುತಿಸುವುದಿಲ್ಲ. ಹಾಗಾಗಿ ಜೆಪೆಗ್‌ನಲ್ಲಿ ಬೆಳಕನ್ನೂ ಬಣ್ಣವನ್ನೂ ಬೇರೆ ಮಾಡಿ, ಸಾಮಾನ್ಯವಾಗಿ 2×2 ಪಿಕ್ಸೆಲ್‌ಗೆ ಒಂದೇ ಬಣ್ಣ ಅಂತ ಲೆಕ್ಕ ಹಾಕುತ್ತಾರೆ. ನಾಲ್ಕು ಪಿಕ್ಸೆಲ್‌ಗೆ 12 ಸಂಖ್ಯೆ ಬೇಕಿದ್ದ ಕಡೆ 6 ಸಾಕು. ಡಿಸಿಟಿ ಶುರುವಾಗುವ ಮೊದಲೇ ಅರ್ಧ ಉಳಿತಾಯ!

ಈಗ ಲೆಕ್ಕ ಕೂಡಿಸಿ. ಮರ ಎತ್ತರ, ನಾವು ಕೆಳಗೆ. ಒಂದು ಚುಕ್ಕಿ, ಅದರ ಉಂಗುರ ಎಲ್ಲ ಸೇರಿ ಮೂಲ ಫೋಟೋದಲ್ಲಿ 10 ಪಿಕ್ಸೆಲ್ ಅಗಲ ಇತ್ತು ಎಂದುಕೊಳ್ಳಿ. ಮೆಸೇಜ್ ಕಳಿಸುವ ಆ್ಯಪ್ ಮೊದಲು ಇಡೀ ಫೋಟೋವನ್ನು 4000ದಿಂದ 1600 ಪಿಕ್ಸೆಲ್ ಅಗಲಕ್ಕೆ ಕುಗ್ಗಿಸಿದರೆ, ಚುಕ್ಕಿ 4 ಪಿಕ್ಸೆಲ್‌ಗೆ ಇಳಿಯಿತು. ಬಣ್ಣಕ್ಕೆ ಅದರಲ್ಲೂ ಅರ್ಧ, ಅಂದರೆ 2 ಪಿಕ್ಸೆಲ್. ಕಂದು ಮಧ್ಯೆ, ಹಳದಿ ಸುತ್ತ, ಹೊರಗೆ ಹಸಿರು: ಇಷ್ಟನ್ನೂ ಎರಡು ಪಿಕ್ಸೆಲ್‌ನಲ್ಲಿ ಹೇಳಲು ಬ್ರಹ್ಮನಿಗೂ ಆಗುವುದಿಲ್ಲ. ಮೇಲಿಂದ, ಅಷ್ಟು ಚಿಕ್ಕ ಉಂಗುರ ಅಂದರೆ ಹೈ ಫ್ರೀಕ್ವೆನ್ಸಿ, ದೊಡ್ಡ ಜರಡಿಯಲ್ಲಿ ಸೋರಿಹೋಗುವಂಥದ್ದು. ಅಣ್ಣನಿಗೆ ಕಂಡ ‘ಚೌಕ ಚೌಕ’ ಅದೇ 8×8 ಚೌಕಗಳು. ಪಕ್ಕದ ಚೌಕದ ಜೊತೆ ಮಾತಾಡದೆ ಒಂದೊಂದೂ ತನ್ನ ಪಾಡಿಗೆ ಚಿಲ್ಲರೆ ಬಿಟ್ಟಾಗ ಅಂಚುಗಳು ಎದ್ದು ಕಾಣುತ್ತವೆ.

ಇದು ಡಿಸಿಟಿಯ ತಪ್ಪಲ್ಲ. ಕಣ್ಣಿಗೆ ಏನು ಮುಖ್ಯ ಅಲ್ಲವೋ ಅದನ್ನು ಬಿಡು ಅಂತ ಹೇಳಿದ್ದು ನಾವು. ಮದುವೆ ಫೋಟೋಗೆ ಅದು ಸರಿಯೇ. ರೋಗದ ಚುಕ್ಕಿಗೆ ಮಾತ್ರ ಆ ‘ಚಿಲ್ಲರೆ’ಯೇ ಮುಖ್ಯ.

ಶಿಕಾರಿಪುರದ ಗೆಳೆಯನಿಗೂ ಇದೇ ಅನುಭವ ಆಯಿತು. ಅವನು ತಾಳಗುಂದಕ್ಕೆ ಹೋಗಿ ಪ್ರಣವೇಶ್ವರ ದೇವಸ್ಥಾನದ ಮುಂದಿನ ಕಂಬದ ಶಾಸನದ ಫೋಟೋ ತೆಗೆದಿದ್ದ. ಕದಂಬ ಶಾಂತಿವರ್ಮನ ಕಾಲದಲ್ಲಿ ಕುಬ್ಜ ಅನ್ನೋ ಕವಿ ಸಂಸ್ಕೃತದಲ್ಲಿ ಬರೆದ ಶಾಸನ ಅದು. ಮಯೂರಶರ್ಮ ಕಂಚಿಗೆ ಓದಲು ಹೋಗಿದ್ದ ಕಥೆ ನಮಗೆ ಸಿಕ್ಕಿದ್ದು ಅಲ್ಲಿಂದಲೇ. ಗ್ರೂಪ್‌ಗೆ ಹಾಕಿದ ಫೋಟೋ ಡೌನ್‌ಲೋಡ್ ಮಾಡಿ, ಕ್ರಾಪ್ ಮಾಡಿ, ಮತ್ತೆ ಹಾಕಿದಾಗ ಅಕ್ಷರಗಳ ಅಂಚಿನ ಸುತ್ತ ಅಲೆ ಅಲೆಯಾಗಿ ಮಸುಕು ಬಂದಿತ್ತು. ಕಲ್ಲಿನಲ್ಲಿ ಕೊರೆದ ಗೆರೆ ಅಂದರೆ ಥಟ್ಟನೆ ಬದಲಾಗುವ ಬೆಳಕು. ಅದಕ್ಕೆ ಎಲ್ಲ ಕೊಸೈನ್‌ಗಳೂ ಬೇಕು. ಕೆಲವನ್ನು ಬಿಟ್ಟರೆ ಉಳಿದವು ತಮ್ಮ ಅಲೆಯನ್ನು ತೋರಿಸಿಬಿಡುತ್ತವೆ. ಒಂದೂವರೆ ಸಾವಿರ ವರ್ಷ ಮಳೆ ಬಿಸಿಲು ತಡೆದುಕೊಂಡ ಅಕ್ಷರ ಎರಡು ಸಲ ಸೇವ್ ಮಾಡಿದ್ದಕ್ಕೆ ಮಸುಕಾಯಿತಲ್ಲ ಅಂತ ನಗು ಬಂತು.

ಅಲ್ಲಿಂದ ಎಲ್ಲೆಲ್ಲಿಗೆ

ಡಿಸಿಟಿ ಫೋಟೋಗೆ ನಿಲ್ಲಲಿಲ್ಲ. 1988ರ ಎಚ್.261 ವಿಡಿಯೋ ಸ್ಟ್ಯಾಂಡರ್ಡ್, ಆಮೇಲೆ ಎಂಪೆಗ್, ಡಿವಿಡಿ, ಡಿಜಿಟಲ್ ಟಿವಿ, ಎಲ್ಲದರ ಒಳಗೂ ಇದೇ. ಎಚ್.264 ಅದರ ಪೂರ್ಣಾಂಕದ ರೂಪವನ್ನು ಬಳಸುತ್ತೆ. ಶಬ್ದದಲ್ಲೂ ಇದೆ: ಎಂಪಿ3, ಎಎಸಿ ಎರಡರಲ್ಲೂ ಇರುವುದು ಇದರ ತಮ್ಮನಂಥ ಎಂಡಿಸಿಟಿ. ಶಿಕಾರಿಪುರ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಜೋರಾಗಿ ಹಾಕಿದ ರೀಲ್ಸ್, ಸೊರಬದ ಅಜ್ಜಿ ದುಬೈನಲ್ಲಿರುವ ಮೊಮ್ಮಗನಿಗೆ ಮಾಡುವ ವಿಡಿಯೋ ಕಾಲ್, ನಾವು ಇಂಟರ್ನಲ್ಸ್ ಹಿಂದಿನ ರಾತ್ರಿ ನೋಡುವ ಲೆಕ್ಚರ್, ಎಲ್ಲದರಲ್ಲೂ ಆ ಕೊಸೈನ್‌ಗಳು ಕೂತಿವೆ.

ಅಹ್ಮದ್ 1983ರಲ್ಲಿ ತಾವು ಓದಿದ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯಕ್ಕೇ ಮೇಷ್ಟ್ರಾಗಿ ಹೋಗಿ, ವಿಭಾಗದ ಮುಖ್ಯಸ್ಥರಾಗಿ, ಇಂಜಿನಿಯರಿಂಗ್ ಡೀನ್ ಆಗಿ, 2001ರಲ್ಲಿ ನಿವೃತ್ತರಾದರು. ಸಾಮಾನ್ಯ ಜನರಿಗೆ ಅವರ ಹೆಸರು ಗೊತ್ತಾದದ್ದು ತೀರಾ ಈಚೆಗೆ, 2021ರಲ್ಲಿ. ‘ದಿಸ್ ಈಸ್ ಅಸ್’ ಅನ್ನೋ ಅಮೆರಿಕನ್ ಧಾರಾವಾಹಿಯ ಒಂದು ಕಂತಿನಲ್ಲಿ ಅವರ ಮತ್ತು ಎಸ್ತರ್ ಅವರ ಕಥೆ ಬಂತು. ವಿಡಿಯೋ ಕಾಲ್ ಮೂಲಕವೇ ಮನೆಯವರ ಮುಖ ನೋಡಬೇಕಾಗಿದ್ದ ಕೊರೊನಾ ಕಾಲದಲ್ಲಿ ಆ ಕಥೆ ಬಂದದ್ದು ಸರಿಯಾಗೇ ಇತ್ತು.

ಯುವಿಸಿಇಯ ಎಲೆಕ್ಟ್ರಿಕಲ್ ವಿಭಾಗದಿಂದ ಅದೇ 1961ರಲ್ಲಿ ಹೊರಬಂದ ಇನ್ನೊಬ್ಬರನ್ನೂ ಇಲ್ಲಿ ನೆನೆಯಬೇಕು: ವಿ.ಕೆ. ಆತ್ರೆ. ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂಇ, ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ 1967ರಲ್ಲಿ ಪಿಎಚ್‌ಡಿ ಮಾಡಿ, ಕೆನಡಾದಲ್ಲೇ ಮೇಷ್ಟ್ರಾಗಿದ್ದವರು. 1980ರಲ್ಲಿ ವಾಪಸ್ ಬಂದು ಕೊಚ್ಚಿಯ ನೌಕಾ ಸಂಶೋಧನಾಲಯ ಸೇರಿ ನಮ್ಮ ನೌಕಾಪಡೆಗೆ ಸೋನಾರ್ ಕಟ್ಟುವ ಕೆಲಸಕ್ಕೆ ನಿಂತರು. ಮುಂದೆ ಡಿಆರ್‌ಡಿಒ ಮುಖ್ಯಸ್ಥರಾದರು. 2000ದಲ್ಲಿ ಪದ್ಮಭೂಷಣ, 2016ರಲ್ಲಿ ಪದ್ಮವಿಭೂಷಣ ಬಂತು. ಲೈಬ್ರರಿಯಲ್ಲಿ ‘ನೆಟ್‌ವರ್ಕ್ ಥಿಯರಿ ಅಂಡ್ ಫಿಲ್ಟರ್ ಡಿಸೈನ್’ ಪುಸ್ತಕ ಕಣ್ಣಿಗೆ ಬಿದ್ದರೆ ರಟ್ಟು ನೋಡಿ, ಅದು ಅವರದೇ.

ಸೋನಾರ್‌ಗೂ ಜೆಪೆಗ್‌ಗೂ ಏನು ಸಂಬಂಧ ಅಂತೀರಾ? ಸಮುದ್ರದ ಗದ್ದಲದಲ್ಲಿ ದೂರದ ಜಲಾಂತರ್ಗಾಮಿಯ ಸಣ್ಣ ಸದ್ದನ್ನು ಹುಡುಕುವುದೂ, ಚಿತ್ರದಲ್ಲಿ ಬೇಕಾದ್ದನ್ನು ಉಳಿಸಿಕೊಳ್ಳುವುದೂ ಮೂಲದಲ್ಲಿ ಒಂದೇ ಕೆಲಸ: ಸಿಗ್ನಲ್ ಅನ್ನು ಫ್ರೀಕ್ವೆನ್ಸಿಗಳಾಗಿ ಬಿಡಿಸಿ ಯಾವುದು ಭತ್ತ, ಯಾವುದು ಹೊಟ್ಟು ಅಂತ ನೋಡುವುದು. ಒಬ್ಬರು ಹೊಟ್ಟು ಬಿಟ್ಟು ಜಾಗ ಉಳಿಸಿದರು. ಇನ್ನೊಬ್ಬರು ಹೊಟ್ಟಿನ ರಾಶಿಯಲ್ಲಿ ಒಂದು ಕಾಳು ಹುಡುಕುವ ಯಂತ್ರ ಕಟ್ಟಿಸಿದರು. ಇಬ್ಬರ ಬಿಇ ಡಿಗ್ರಿಯೂ ನಮ್ಮ ರಾಜ್ಯದ ವಿಶ್ವವಿದ್ಯಾಲಯದ್ದೇ.

ಊರಿಗೆ ಹೋದಾಗ ಮಾಡಬೇಕಾದ್ದು

ನಾವು ಕೊನೆಗೆ ಮಾಡಿದ್ದು ಇಷ್ಟು. ದೋಟಿಯಲ್ಲಿ ಒಂದು ಸೋಗೆ ಎಳೆದು ಕೆಳಗೆ ಬೀಳಿಸಿದೆವು. ಜಗಲಿಯಲ್ಲಿ, ನೆರಳಲ್ಲಿ ಇಟ್ಟು ಚುಕ್ಕಿಯ ಹತ್ತಿರ ಹೋಗಿ ಫೋಟೋ ತೆಗೆದೆವು. ಈಗ ಚುಕ್ಕಿ 10 ಪಿಕ್ಸೆಲ್ ಅಲ್ಲ, ನೂರಾರು ಪಿಕ್ಸೆಲ್. ಉಂಗುರ ಲೋ ಫ್ರೀಕ್ವೆನ್ಸಿಗೆ ಇಳಿಯಿತು, ಜರಡಿಯಲ್ಲಿ ಉಳಿಯಿತು. ಆಮೇಲೆ ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸದೆ ‘ಡಾಕ್ಯುಮೆಂಟ್’ ಅಂತ ಕಳಿಸಿದೆವು. ಹಾಗೆ ಕಳಿಸಿದರೆ ಆ್ಯಪ್ ಅದನ್ನು ಮತ್ತೆ ಕುಗ್ಗಿಸುವುದಿಲ್ಲ, ಫೋನ್ ಉಳಿಸಿದ ಫೈಲೇ ಹಾಗೇ ಹೋಗುತ್ತೆ. ನೆಟ್‌ವರ್ಕ್ ಸಿಗಲು ಗುಡ್ಡ ಹತ್ತಬೇಕಾಯಿತು, ಅದು ಬೇರೆ ವಿಷಯ.

ಈ ಸಲ ಅಣ್ಣನ ಉತ್ತರ ಬೇಗ ಬಂತು. “ಈಗ ಕಾಣ್ತು ನೋಡು. ಎಲೆಚುಕ್ಕಿಯೇ. ಆದ್ರೆ ಶುರುವಿಗೇ ಸಿಕ್ಕಿದೆ. ಚುಕ್ಕಿ ಜಾಸ್ತಿ ಇರೋ ಸೋಗೆ ಕಡಿದು ಸುಟ್ಟುಬಿಡಿ. ಔಷಧಿ ಯಾವುದು ಅಂತ ನಾಳೆ ಬಂದು ಹೇಳ್ತೆ.”

ಅಪ್ಪ ಅವತ್ತು ರಾತ್ರಿ ಊಟಕ್ಕೆ ಕೂತರು. ಊಟದ ಮಧ್ಯೆ ಕೇಳಿದರು, “ಎಂತದು ನಿಂಗಳ ಆ ಕೊಸೈನು?” ಅಂತ. ತಟ್ಟೆಯಲ್ಲಿದ್ದ ಎಂಟು ಹಪ್ಪಳದ ಚೂರು ಸಾಲಾಗಿಟ್ಟು ಹೇಳಲು ಹೋದೆವು. ಅಮ್ಮ ಬೈದರು.

ಮುಂದಿನ ಸಲ ಡಿಎಸ್‌ಪಿ ಲ್ಯಾಬ್‌ನಲ್ಲಿ ಡಿಸಿಟಿ ಕಮಾಂಡ್ ಹೊಡೆದು, ಔಟ್‌ಪುಟ್ ಪ್ರಿಂಟ್ ತೆಗೆದು ಎದ್ದು ಹೋಗುವ ಮೊದಲು ಒಂದು ಸಲ ಮೇಲಿನ ಎಂಟು ಸಂಖ್ಯೆಗಳನ್ನು ಕೈಯಲ್ಲಿ ಮಾಡಿ ನೋಡಿ. ಕಾಲು ಗಂಟೆ ಸಾಕು. ಪ್ರಾಜೆಕ್ಟ್ ಐಡಿಯಾ ತಗೊಂಡು ಹೋದಾಗ ಯಾರಾದರೂ ‘ಇದು ತೀರಾ ಸಿಂಪಲ್ ಆಯ್ತಲ್ಲ’ ಅಂದರೆ, ಬೇಸರ ಮಾಡಿಕೊಂಡು ಕೈಬಿಡುವ ಮೊದಲು 1973ರ ಆ ಬೇಸಿಗೆಯನ್ನು ನೆನಪಿಸಿಕೊಳ್ಳಿ.